ಏಪ್ರಿಲ್ 12ಕ್ಕೆ ಕಾಲಯಾನ: ಒಂದೇ ತಾರೀಕಿನ ಚರಿತ್ರೆ ನೋಡಲು ಹೊರಡುವವರಿಗೆ ಸಮಗ್ರ ಮಾರ್ಗದರ್ಶಿ

ಶಾಲೆಯಲ್ಲಿ ಚರಿತ್ರೆ ಅಂದರೆ ಇಸವಿ. ಬಾಯಿಪಾಠ ಮಾಡಿದೆವು, ಪರೀಕ್ಷೆ ಬರೆದೆವು, ಮರೆತೆವು. ಆಗ ಗಂಟೆ ಎಷ್ಟಾಗಿತ್ತು, ಅಲ್ಲಿ ನಿಂತವರಿಗೆ ಏನು ಕಾಣಿಸುತ್ತಿತ್ತು ಅಂತ ಯಾರೂ ಕೇಳಲಿಲ್ಲ. ಆದರೆ ಆ ಜಾಗಕ್ಕೇ ಹೋಗಬೇಕು ಅಂತ ಹೊರಟು ನೋಡಿ. ಮೊದಲು ಬೇಕಾಗುವುದು ಇವೇ ಎರಡು: ಗಂಟೆ ಮತ್ತು ನಿಲ್ಲುವ ಜಾಗ.

ಕಾಲಯಾನದ ಯಂತ್ರ ಇನ್ನೂ ಯಾರ ಹತ್ತಿರವೂ ಇಲ್ಲ. ಆದರೂ ನಾಳೆ ಬೆಳಿಗ್ಗೆಯೇ ಹೊರಡುವವರ ಹಾಗೆ ತಯಾರಿ ಮಾಡಿಕೊಳ್ಳಬಹುದು. ನಾನು ಕೆಲವು ವರ್ಷಗಳಿಂದ ಹೀಗೆ ಮಾಡುತ್ತಿದ್ದೇನೆ. ಒಂದು ತಾರೀಕು ಆರಿಸುವುದು, ಭೂಪಟ ಬಿಚ್ಚುವುದು, ನೋಟ್‌ಬುಕ್ಕಿನಲ್ಲಿ ಗಂಟೆವಾರು ಪಟ್ಟಿ ಬರೆಯುವುದು. ಚರಿತ್ರೆಯನ್ನು ಮನಸ್ಸಿಗೆ ಹತ್ತಿರ ಮಾಡಿಕೊಳ್ಳಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಸಿಕ್ಕಿಲ್ಲ.

ಇಲ್ಲಿ ಏಪ್ರಿಲ್ 12ನ್ನು ತೆಗೆದುಕೊಂಡಿದ್ದೇನೆ. ಕ್ರಮ ಸ್ವಲ್ಪ ಬೇರೆ. ಹಳೆಯದರಿಂದ ಹೊಸದಕ್ಕೆ ಬರುವುದಿಲ್ಲ. ನಸುಕಿನಿಂದ ರಾತ್ರಿಯವರೆಗೆ ಗಡಿಯಾರದ ಮುಳ್ಳು ಹೋದ ಹಾಗೆ ಹೋಗುತ್ತೇವೆ, ವರ್ಷಗಳು ಹಿಂದೆ ಮುಂದೆ ಆಗುತ್ತವೆ. ಹೀಗೆ ಮಾಡಿದರೆ ಬೇರೆ ಬೇರೆ ಕಾಲದ ಜನ ಒಂದೇ ದಿನದಲ್ಲಿ ಬದುಕಿದ ಹಾಗೆ ಕಾಣಿಸುತ್ತಾರೆ.

ಮೊದಲ ಹೆಜ್ಜೆ: ಯಾವ ಕ್ಯಾಲೆಂಡರಿನ ಏಪ್ರಿಲ್ 12?

ಇದನ್ನು ಬಿಟ್ಟರೆ ಪ್ರಯಾಣವೇ ದಾರಿ ತಪ್ಪುತ್ತದೆ. ನಾನೇ ಇಲ್ಲಿ ಎಡವಿದ್ದೆ. ಗೆಲಿಲಿಯೋ ತೀರಿಕೊಂಡ ವರ್ಷವೇ ನ್ಯೂಟನ್ ಹುಟ್ಟಿದ ಅಂತ ತುಂಬ ಕಡೆ ಓದಿ, ಎರಡನ್ನೂ ಒಂದೇ ವರ್ಷದ ಪುಟದಲ್ಲಿ ಬರೆದುಕೊಂಡಿದ್ದೆ. ಗೆಲಿಲಿಯೋ ತೀರಿಕೊಂಡಿದ್ದು 1642ರ ಜನವರಿ 8ರಂದು. ನ್ಯೂಟನ್ ಹುಟ್ಟಿದ್ದು 1642ರ ಡಿಸೆಂಬರ್ 25ರಂದು. ಸರಿಯಾಗಿಯೇ ಇದೆ ಅಲ್ವಾ? ಇಲ್ಲ. ಮೊದಲನೆಯದು ಇಟಲಿಯ ಹೊಸ ಕ್ಯಾಲೆಂಡರ್, ಎರಡನೆಯದು ಇಂಗ್ಲೆಂಡಿನ ಹಳೆಯ ಕ್ಯಾಲೆಂಡರ್. ಇಟಲಿಯ ಲೆಕ್ಕದಲ್ಲಿ ನ್ಯೂಟನ್ ಹುಟ್ಟಿದ ದಿನ 1643ರ ಜನವರಿ 4.

ವಿಷಯ ಹೀಗಿದೆ. ಜೂಲಿಯಸ್ ಸೀಸರ್ ತಂದ ಕ್ಯಾಲೆಂಡರಿನಲ್ಲಿ ವರ್ಷಕ್ಕೆ ಸರಾಸರಿ 365 ಕಾಲು ದಿನ. ನಿಜವಾದ ವರ್ಷ ಇದಕ್ಕಿಂತ ಸುಮಾರು 11 ನಿಮಿಷ ಚಿಕ್ಕದು. ಈ ಹನ್ನೊಂದು ನಿಮಿಷಗಳೇ ಸೇರುತ್ತಾ ಸೇರುತ್ತಾ ಹದಿನಾರನೇ ಶತಮಾನದ ಹೊತ್ತಿಗೆ ಹತ್ತು ದಿನದ ವ್ಯತ್ಯಾಸವಾಯಿತು. ಅದನ್ನು ಸರಿಮಾಡಲು ಪೋಪ್ ಹದಿಮೂರನೇ ಗ್ರೆಗರಿ 1582ರ ಅಕ್ಟೋಬರ್ 4ರ ಮಾರನೇ ದಿನವನ್ನು ಅಕ್ಟೋಬರ್ 15 ಅಂತ ಘೋಷಿಸಿದರು. ನಡುವಿನ ಹತ್ತು ತಾರೀಕುಗಳು ಇಟಲಿ, ಸ್ಪೇನ್, ಪೋರ್ಚುಗಲ್‌ಗಳಲ್ಲಿ ಇಲ್ಲವೇ ಇಲ್ಲ. ಯಂತ್ರಕ್ಕೆ 1582ರ ಅಕ್ಟೋಬರ್ 10, ರೋಮ್ ಅಂತ ಹೇಳಿದರೆ ಹೋಗಲು ಜಾಗವೇ ಇರುವುದಿಲ್ಲ.

ಎಲ್ಲರೂ ಒಟ್ಟಿಗೆ ಬದಲಾಗಲಿಲ್ಲ. ಬ್ರಿಟನ್ ಬದಲಾಗಿದ್ದು 1752ರಲ್ಲಿ, ರಷ್ಯಾ 1918ರಲ್ಲಿ. ರಷ್ಯಾದ ಅಕ್ಟೋಬರ್ ಕ್ರಾಂತಿಯನ್ನು ನವೆಂಬರ್ 7ರಂದು ಆಚರಿಸುತ್ತಿದ್ದುದು ಇದೇ ಕಾರಣಕ್ಕೆ. ಇಂಗ್ಲೆಂಡಿನಲ್ಲಿ ಇನ್ನೂ ಒಂದು ತೊಡಕಿತ್ತು. 1752ಕ್ಕೆ ಮೊದಲು ಅಲ್ಲಿ ಕಾನೂನಿನ ಪ್ರಕಾರ ಹೊಸ ವರ್ಷ ಶುರುವಾಗುತ್ತಿದ್ದುದು ಮಾರ್ಚ್ 25ಕ್ಕೆ. ಹಾಗಾಗಿ ಹಳೆಯ ಕಾಗದಪತ್ರದಲ್ಲಿ ಜನವರಿ, ಫೆಬ್ರುವರಿ ತಾರೀಕು ಕಂಡರೆ ಇಸವಿಯನ್ನು ಎರಡು ಸಲ ನೋಡಿ. ನಮ್ಮ ಏಪ್ರಿಲ್ 12ಕ್ಕೆ ಆ ತೊಂದರೆ ಇಲ್ಲ.

ಪರೀಕ್ಷಿಸಲು ಸುಲಭ ಉಪಾಯ ವಾರ. ತಾರೀಕು ಎಷ್ಟೇ ಜಿಗಿದರೂ ವಾರದ ಸಾಲು ತಪ್ಪಲಿಲ್ಲ. 1582ರ ಅಕ್ಟೋಬರ್ 4 ಗುರುವಾರ, ಮಾರನೇ ದಿನದ 15 ಶುಕ್ರವಾರ. ಹಳೆಯ ಬರಹದಲ್ಲಿ ತಾರೀಕಿನ ಜೊತೆ ವಾರವೂ ಇದ್ದರೆ ಅದು ಯಾವ ಕ್ಯಾಲೆಂಡರ್ ಅಂತ ಪತ್ತೆ ಹಚ್ಚಬಹುದು.

ಎರಡನೇ ಹೆಜ್ಜೆ: ಅಲ್ಲಿನ ಗಡಿಯಾರ ಏನು ಹೇಳುತ್ತಿತ್ತು?

ಭೂಮಿಯ ಮೇಲೆ ಒಂದು ತಾರೀಕು ಇಪ್ಪತ್ನಾಲ್ಕು ಗಂಟೆ ಮಾತ್ರ ಇರುತ್ತದೆ ಅಂದುಕೊಂಡಿರುತ್ತೇವೆ. ಇವತ್ತಿನ ಕಾಲವಲಯಗಳ ಲೆಕ್ಕದಲ್ಲಿ ಅದು 50 ಗಂಟೆ ಬದುಕಿರುತ್ತದೆ. ಪೆಸಿಫಿಕ್‌ನ ಕೆಲವು ದ್ವೀಪಗಳಲ್ಲಿ ಗ್ರೀನಿಚ್‌ಗಿಂತ 14 ಗಂಟೆ ಮೊದಲೇ ಹುಟ್ಟಿ, ಗ್ರೀನಿಚ್‌ಗಿಂತ 12 ಗಂಟೆ ಹಿಂದಿರುವ ಕಡೆ ಕೊನೆಗೊಳ್ಳುತ್ತದೆ.

ಕಾಲವಲಯ ಅನ್ನುವುದೇ ಹೊಸದು. ಅಮೆರಿಕದ ರೈಲು ಕಂಪನಿಗಳು 1883ರ ನವೆಂಬರ್ 18ರಂದು ಅದನ್ನು ಜಾರಿಗೆ ತಂದವು. ಗ್ರೀನಿಚ್ ರೇಖೆಯನ್ನು ಸೊನ್ನೆಯಾಗಿ ಹಿಡಿಯಬೇಕು ಅಂತ ದೇಶಗಳು ಸಭೆ ಸೇರಿ ಒಪ್ಪಿದ್ದು 1884ರಲ್ಲಿ. ಅದಕ್ಕೆ ಮೊದಲು ಪ್ರತಿ ಊರಿಗೂ ಅದರದೇ ಸಮಯ. ಸೂರ್ಯ ನೆತ್ತಿಗೆ ಬಂದಾಗ ಹನ್ನೆರಡು, ಅಷ್ಟೇ. ರೇಖಾಂಶ ಒಂದು ಡಿಗ್ರಿ ಸರಿದರೆ ನಾಲ್ಕು ನಿಮಿಷದ ವ್ಯತ್ಯಾಸ. ಇಷ್ಟು ಗೊತ್ತಿದ್ದರೆ ಪೆನ್ಸಿಲ್ ಹಿಡಿದು ಲೆಕ್ಕ ಹಾಕಬಹುದು. ಅಮೆರಿಕದ ಚಾರ್ಲ್ಸ್‌ಟನ್ ನಗರ ಸುಮಾರು 80 ಡಿಗ್ರಿ ಪಶ್ಚಿಮದಲ್ಲಿದೆ. ಎಂಬತ್ತನ್ನು ನಾಲ್ಕರಿಂದ ಗುಣಿಸಿದರೆ 320 ನಿಮಿಷ, ಅಂದರೆ ಗ್ರೀನಿಚ್‌ಗಿಂತ 5 ಗಂಟೆ 20 ನಿಮಿಷ ಹಿಂದೆ. ಇವತ್ತು ಆ ನಗರದ ಪ್ರಮಾಣ ಸಮಯ 5 ಗಂಟೆ ಹಿಂದೆ. ಆದ್ದರಿಂದ 1861ರ ಚಾರ್ಲ್ಸ್‌ಟನ್‌ಗೆ ಇವತ್ತಿನ ಗಡಿಯಾರ ಕಟ್ಟಿಕೊಂಡು ಹೋದರೆ 20 ನಿಮಿಷದ ತಪ್ಪಾಗುತ್ತದೆ. ಅಲ್ಲಿ ಅಮೆರಿಕದ ಅಂತರ್ಯುದ್ಧದ ಮೊದಲ ಗುಂಡು ಹಾರುವುದನ್ನು ನೋಡಲು ಹೋದವರಿಗೆ ಇಪ್ಪತ್ತು ನಿಮಿಷ ಕಡಿಮೆಯಲ್ಲ.

1633ರ ರೋಮಿನಲ್ಲಿ ಇನ್ನೂ ಬೇರೆ ಪದ್ಧತಿ. ಅಲ್ಲಿ ದಿನದ ಲೆಕ್ಕ ಶುರುವಾಗುತ್ತಿದ್ದುದು ಸೂರ್ಯ ಮುಳುಗಿದ ಮೇಲೆ. ಏಪ್ರಿಲ್‌ನಲ್ಲಿ ಯಾರಾದರೂ ಹದಿನಾಲ್ಕು ಗಂಟೆಗೆ ಬನ್ನಿ ಅಂದರೆ ಮಧ್ಯಾಹ್ನ ಎರಡಕ್ಕೆ ಹೋಗಬೇಡಿ. ಅದು ಬೆಳಿಗ್ಗೆ ಸುಮಾರು ಒಂಬತ್ತು.

ಮೂರನೇ ಹೆಜ್ಜೆ: ಮೈ, ಬಟ್ಟೆ, ಜೇಬು

ಆರೋಗ್ಯದ ವಿಷಯ ಮೊದಲು. ಸಿಡುಬು ಜಗತ್ತಿನಿಂದ ಹೋಯಿತು ಅಂತ ವಿಶ್ವ ಆರೋಗ್ಯ ಸಂಸ್ಥೆ 1980ರಲ್ಲಿ ಘೋಷಿಸಿತು. ಆ ಹೊತ್ತಿಗೆ ಲಸಿಕೆ ಹಾಕುವುದೂ ನಿಂತಿತ್ತು. ಹಾಗಾಗಿ ಆಮೇಲೆ ಹುಟ್ಟಿದ ನಮ್ಮಲ್ಲಿ ಹೆಚ್ಚಿನವರ ಮೈಯಲ್ಲಿ ಸಿಡುಬಿನ ವಿರುದ್ಧ ಶಕ್ತಿಯೇ ಇಲ್ಲ. 1861ಕ್ಕೋ 1633ಕ್ಕೋ ಹೋಗುವುದಾದರೆ ಇದು ದೊಡ್ಡ ಅಪಾಯ. ಕುದಿಸದ ನೀರು ಮುಟ್ಟಬೇಡಿ. ನಮ್ಮ ನೆಗಡಿ ಜ್ವರಗಳೂ ಅವರಿಗೆ ಹೊಸವು. ಮೈ ಸರಿಯಿಲ್ಲದ ದಿನ ಹೊರಡಲೇಬೇಡಿ.

ಬಟ್ಟೆ ಸಾದಾ ಇರಲಿ, ಬಣ್ಣ ಮಂಕಾಗಿರಲಿ. ಜಿಪ್, ಪ್ಲಾಸ್ಟಿಕ್ ಗುಂಡಿ, ಕಣ್ಣಿಗೆ ಹೊಡೆಯುವ ಬಣ್ಣ ಬೇಡ. ಟೋಪಿ ಮರೆಯಬೇಡಿ. 1861ರಲ್ಲಾಗಲಿ 1912ರಲ್ಲಾಗಲಿ ಬರಿತಲೆಯಲ್ಲಿ ಬೀದಿಗೆ ಬಂದವರನ್ನು ಜನ ತಿರುಗಿ ನೋಡುತ್ತಾರೆ.

ಹಣದ ವಿಷಯದಲ್ಲಿ ಒಂದು ಉದಾಹರಣೆ ಸಾಕು. ಅಮೆರಿಕದ ಹತ್ತು ಸೆಂಟಿನ ನಾಣ್ಯದ ಮೇಲೆ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರ ಮುಖವಿದೆ. ಆ ನಾಣ್ಯ ಬಂದಿದ್ದು 1946ರಲ್ಲಿ, ಅವರು ತೀರಿಕೊಂಡ ಮರುವರ್ಷ. ಅದನ್ನು 1945ರ ಅಂಗಡಿಯಲ್ಲಿ ಕೊಟ್ಟರೆ ಏನಾಗುತ್ತದೆ ಯೋಚಿಸಿ. ಹೋಗುವ ವರ್ಷಕ್ಕಿಂತ ಹಳೆಯ ನಾಣ್ಯ ಮಾತ್ರ ಇಟ್ಟುಕೊಳ್ಳಿ. ಇಲ್ಲದಿದ್ದರೆ ಸಣ್ಣ ಬೆಳ್ಳಿ ತುಂಡು ಸಾಕು. ಫೋನ್ ಮನೆಯಲ್ಲೇ ಇರಲಿ.

ಇನ್ನೊಂದು ಮಾತು, ಸ್ವಲ್ಪ ಕಷ್ಟದ್ದು. ಹಿಂದಿನ ಕಾಲ ಎಲ್ಲರನ್ನೂ ಒಂದೇ ರೀತಿ ಬರಮಾಡಿಕೊಳ್ಳುವುದಿಲ್ಲ. 1861ರ ಚಾರ್ಲ್ಸ್‌ಟನ್ ಗುಲಾಮಗಿರಿಯ ನಗರ. ಮೈಬಣ್ಣ ಕಪ್ಪಾಗಿರುವವರು ಕೈಯಲ್ಲಿ ಕಾಗದಪತ್ರ ಇಲ್ಲದೆ ಅಲ್ಲಿ ಓಡಾಡಿದರೆ ಹಿಡಿಯುತ್ತಾರೆ. 1945ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದಲ್ಲೂ ಬಣ್ಣ ನೋಡಿ ಬಾಗಿಲು ತೆರೆಯುತ್ತಿದ್ದರು. ಹೆಂಗಸರಿಗೆ ಒಬ್ಬರೇ ಹೋಗಲಾಗದ ಜಾಗಗಳು ಎಲ್ಲ ಕಾಲದಲ್ಲೂ ಇದ್ದವು. ಎಲ್ಲಿ ನಿಲ್ಲಬೇಕು ಅಂತ ತೀರ್ಮಾನಿಸುವಾಗ ನಿಮ್ಮನ್ನು ಅಲ್ಲಿನವರು ಯಾರು ಅಂತ ನೋಡುತ್ತಾರೆ ಅನ್ನುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ನಾಲ್ಕನೇ ಹೆಜ್ಜೆ: ಹೊರಡುವುದು

*ನಸುಕಿನ 4:30, ಚಾರ್ಲ್ಸ್‌ಟನ್ ಬಂದರು, 1861, ಶುಕ್ರವಾರ*

ನಾಲ್ಕಕ್ಕೇ ಹೋಗಿ, ಸಮುದ್ರದ ದಂಡೆಯಲ್ಲಿ ನಿಲ್ಲಿ. ಬಂದರಿನ ಬಾಯಿಯಲ್ಲಿ ಕತ್ತಲಲ್ಲಿ ಕಪ್ಪಗೆ ಕಾಣುವುದು ಸಮ್ಟರ್ ಕೋಟೆ. ಒಳಗೆ ಮೇಜರ್ ರಾಬರ್ಟ್ ಆ್ಯಂಡರ್ಸನ್ ಮತ್ತು ಎಂಬತ್ತೈದರಷ್ಟು ಅಮೆರಿಕ ಸೈನಿಕರಿದ್ದಾರೆ. ಊಟದ ಸಾಮಾನು ಮುಗಿಯುತ್ತಾ ಬಂದಿದೆ. ಅಧ್ಯಕ್ಷ ಲಿಂಕನ್ ಆಹಾರದ ಹಡಗು ಕಳಿಸುತ್ತಿದ್ದಾರೆ. ಅದು ಬರುವುದಕ್ಕೆ ಮೊದಲೇ ಕೋಟೆ ತೆಗೆದುಕೊಳ್ಳಬೇಕು ಅಂತ ದೇಶದಿಂದ ಬೇರೆಯಾದ ದಕ್ಷಿಣದ ರಾಜ್ಯಗಳವರ ತೀರ್ಮಾನ. ಸುತ್ತಲೂ ಫಿರಂಗಿ ಹೂಡಿದ ಜನರಲ್ ಬೋರಿಗಾರ್ಡ್, ಸೈನಿಕ ಶಾಲೆಯಲ್ಲಿ ಫಿರಂಗಿ ವಿದ್ಯೆ ಕಲಿತದ್ದು ಇದೇ ಆ್ಯಂಡರ್ಸನ್ ಹತ್ತಿರ.

ಇನ್ನೊಂದು ಗಂಟೆಯಲ್ಲಿ ಗುಂಡು ಹಾರಿಸುತ್ತೇವೆ ಅಂತ 3:20ಕ್ಕೆ ಕೋಟೆಗೆ ತಿಳಿಸಿಯಾಗಿದೆ. ನಾಲ್ಕೂವರೆಗೆ ಜೇಮ್ಸ್ ದ್ವೀಪದ ಜಾನ್ಸನ್ ಕೋಟೆಯಿಂದ ಒಂದು ಗುಂಡು ಮೇಲೇರಿ, ಬಿಲ್ಲಿನಂತೆ ಬಾಗಿ, ಸಮ್ಟರ್ ಮೇಲೆ ಸಿಡಿಯುತ್ತದೆ. ಅದು ಸೂಚನೆ. ಆಮೇಲೆ ಬಂದರಿನ ಸುತ್ತಲಿನ ಎಲ್ಲ ಫಿರಂಗಿಗಳೂ ಶುರು. ಕೋಟೆಯಿಂದ ಉತ್ತರ ಬರಲು ಬೆಳಗಿನ ಏಳಾಗುತ್ತದೆ. ಒಟ್ಟು 34 ಗಂಟೆ ಸಾಗಿದ ಆ ಕಾಳಗದಲ್ಲಿ ಗುಂಡೇಟಿಗೆ ಒಬ್ಬರೂ ಸಾಯಲಿಲ್ಲ. ಅಲ್ಲಿಂದ ಶುರುವಾದ ಯುದ್ಧದಲ್ಲಿ ಆರು ಲಕ್ಷಕ್ಕೂ ಹೆಚ್ಚು ಜನ ಸತ್ತರು.

ನನ್ನ ಸಲಹೆ, ಗುಂಡುಗಳನ್ನು ಒಂದೈದು ನಿಮಿಷ ನೋಡಿ ಸಾಕುಮಾಡಿ. ಆಮೇಲೆ ಹಿಂತಿರುಗಿ ಮನೆಗಳ ಮಾಳಿಗೆ ನೋಡಿ. ಊರಿನವರು ಮೇಲೆ ಹತ್ತಿ ನಿಂತಿದ್ದಾರೆ. ಕೆಲವರಿಗೆ ಸಂಭ್ರಮ, ಕೆಲವರಿಗೆ ಭಯ. ಕೆಳಗೆ ಅದೇ ಮನೆಗಳಲ್ಲಿ ಒಲೆ ಹಚ್ಚುತ್ತಿರುವವರು ಗುಲಾಮರು. ಹಿಂದಿನ ವರ್ಷದ ಜನಗಣತಿಯಲ್ಲಿ ಅಂಥವರು ಆ ದೇಶದಲ್ಲಿ ಹತ್ತಿರ ಹತ್ತಿರ 40 ಲಕ್ಷ. ಈ ಸದ್ದಿನಿಂದ ಯಾರ ಬದುಕು ಎಲ್ಲರಿಗಿಂತ ಜಾಸ್ತಿ ಬದಲಾಗಲಿತ್ತೋ ಅವರು ಮಾಳಿಗೆಯ ಮೇಲಿಲ್ಲ.

*ಬೆಳಿಗ್ಗೆ 7:00, ಫ್ಲಾರಿಡಾ, 1981, ಭಾನುವಾರ*

ಇದು ಸುಲಭದ ಭೇಟಿ. ಕೊಲಂಬಿಯಾ ಬಾಹ್ಯಾಕಾಶ ನೌಕೆ ಮೊದಲ ಸಲ ಹಾರುತ್ತದೆ. ಕಡಲ ದಂಡೆಯ ಜನಸಂದಣಿಯಲ್ಲಿ ನೀವು ಯಾರ ಕಣ್ಣಿಗೂ ಬೀಳುವುದಿಲ್ಲ. ಒಳಗಿರುವವರು ಚಂದ್ರನ ಮೇಲೆ ನಡೆದು ಬಂದಿದ್ದ ಜಾನ್ ಯಂಗ್ ಮತ್ತು ಮೊದಲ ಸಲ ಹೊರಟ ರಾಬರ್ಟ್ ಕ್ರಿಪ್ಪೆನ್. ಜನರಿಲ್ಲದೆ ಒಮ್ಮೆ ಹಾರಿಸಿ ನೋಡದೆ, ಮೊದಲ ಹಾರಾಟಕ್ಕೇ ಇಬ್ಬರನ್ನು ಕೂರಿಸಿದ್ದರು. ಇಂಧನದ ದೊಡ್ಡ ಟ್ಯಾಂಕ್ ಬಿಳಿ ಬಣ್ಣದಲ್ಲಿರುತ್ತದೆ, ಗಮನಿಸಿ. ಎರಡು ಹಾರಾಟದ ನಂತರ ತೂಕ ಉಳಿಸಲು ಬಣ್ಣ ಬಿಟ್ಟರು.

ನಿಜವಾಗಿ ಇದು ಏಪ್ರಿಲ್ 10ಕ್ಕೇ ಹಾರಬೇಕಿತ್ತು. ಕಂಪ್ಯೂಟರುಗಳ ನಡುವೆ ಒಂದು ಸೆಕೆಂಡಿನ ಚಿಕ್ಕ ಭಾಗದಷ್ಟು ಹೊಂದಾಣಿಕೆ ತಪ್ಪಿ ನಿಂತಿತು. ಹಾಗಾಗಿ ಬಾಹ್ಯಾಕಾಶಕ್ಕೆ ಮೊದಲು ಹೋದ ಗಗಾರಿನ್ ಹಾರಿದ ದಿನವೇ, ಸರಿಯಾಗಿ ಇಪ್ಪತ್ತು ವರ್ಷಕ್ಕೆ ಬಂದಿದ್ದು ಬರೀ ಕಾಕತಾಳೀಯ.

*ಬೆಳಿಗ್ಗೆ 9:07, ಟ್ಯೂರತಾಮ್, 1961, ಬುಧವಾರ*

ಮುಖ್ಯವಾದ ಎಚ್ಚರಿಕೆ. ಯಂತ್ರಕ್ಕೆ ಬೈಕನೂರು ಅಂತ ಹೇಳಬೇಡಿ. ಉಡಾವಣೆಯ ಜಾಗವನ್ನು ಗುಟ್ಟಾಗಿಡಲು ಸೋವಿಯತ್ ಸರ್ಕಾರ ನೂರಾರು ಕಿಲೋಮೀಟರ್ ದೂರದ ಬೇರೊಂದು ಊರಿನ ಹೆಸರನ್ನು ಹೊರಗೆ ಹೇಳುತ್ತಿತ್ತು. ನಿಜವಾದ ಜಾಗ ಕಜಕಸ್ತಾನದ ಟ್ಯೂರತಾಮ್ ರೈಲು ನಿಲ್ದಾಣದ ಹತ್ತಿರ. 9:07 ಅನ್ನುವುದೂ ಮಾಸ್ಕೋ ಗಡಿಯಾರ.

ಆದರೆ ಅಲ್ಲಿಗೆ ಹೋಗಬೇಕೇ? ಕಾವಲು ಬಿಗಿ, ಸಿಕ್ಕಿಬಿದ್ದರೆ ಗೂಢಚಾರರು ಅಂತಲೇ ಅಂದುಕೊಳ್ಳುತ್ತಾರೆ. ಅಲ್ಲಿ ನಡೆದದ್ದು ನಮಗೆ ಚೆನ್ನಾಗಿ ಗೊತ್ತೂ ಇದೆ. 27 ವರ್ಷದ ಯೂರಿ ಗಗಾರಿನ್ ವೊಸ್ತೋಕ್ ನೌಕೆಯಲ್ಲಿ ಕೂತ ಮೇಲೆ ಬಾಗಿಲು ಸರಿಯಾಗಿ ಮುಚ್ಚಿದ ಸೂಚನೆ ಬರಲಿಲ್ಲ. ಬೋಲ್ಟುಗಳನ್ನೆಲ್ಲ ಬಿಚ್ಚಿ ಮತ್ತೆ ಬಿಗಿದರು. ತೂಕವಿಲ್ಲದ ಸ್ಥಿತಿಯಲ್ಲಿ ಮನುಷ್ಯನ ಬುದ್ಧಿ ನೆಟ್ಟಗಿರುತ್ತದೋ ಇಲ್ಲವೋ ಅಂತ ಯಾರಿಗೂ ಖಾತ್ರಿ ಇರಲಿಲ್ಲ. ಅದಕ್ಕೇ ನೌಕೆಯ ನಿಯಂತ್ರಣಕ್ಕೆ ಬೀಗ ಹಾಕಿ, ಬಿಚ್ಚುವ ಸಂಖ್ಯೆಯನ್ನು ಲಕೋಟೆಯಲ್ಲಿ ಇಟ್ಟಿದ್ದರು. ರಾಕೆಟ್ ಮೇಲೇಳುವಾಗ ಅವನು ಹೇಳಿದ ಮಾತು "ಪೊಯೆಖಾಲಿ", ಅಂದರೆ ಹೊರಟೆವು! ನೆಲದಿಂದ ಮಾತಾಡುತ್ತಿದ್ದ ಮುಖ್ಯ ವಿನ್ಯಾಸಕಾರ ಸೆರ್ಗೆಯ್ ಕೊರೊಲೆವ್ ಅವರ ಹೆಸರನ್ನು ಅವರು 1966ರಲ್ಲಿ ಸಾಯುವವರೆಗೂ ಜಗತ್ತಿಗೆ ಹೇಳಲಿಲ್ಲ.

ನಾನು ಆರಿಸುವ ಜಾಗ ಬೇರೆ. 108 ನಿಮಿಷ ಕಳೆದ ಮೇಲೆ, ಮಾಸ್ಕೋ ಗಡಿಯಾರದಲ್ಲಿ 10:55ಕ್ಕೆ, ಸರಾತೊವ್ ಪ್ರಾಂತ್ಯದ ಸ್ಮೆಲೊವ್ಕಾ ಹಳ್ಳಿಯ ಹೊಲ. ಅಲ್ಲಿ ಒಬ್ಬ ಅಜ್ಜಿ ಮೊಮ್ಮಗಳ ಜೊತೆ ಆಲೂಗಡ್ಡೆ ನೆಡುತ್ತಿದ್ದಾರೆ. ದೂರದಲ್ಲಿ ನಿಂತು ಆಕಾಶ ನೋಡಿ. ಪ್ಯಾರಾಶೂಟ್ ಒಂದಲ್ಲ, ಬೇರೆ ಬೇರೆ ಇಳಿಯುತ್ತವೆ. ಗಗಾರಿನ್ ಸುಮಾರು 7 ಕಿಲೋಮೀಟರ್ ಎತ್ತರದಲ್ಲಿ ನೌಕೆಯಿಂದ ಹೊರಗೆ ಚಿಮ್ಮಿ, ತನ್ನದೇ ಪ್ಯಾರಾಶೂಟ್‌ನಲ್ಲಿ ಇಳಿದ. ನೌಕೆ ಬೇರೆ ಕಡೆ ಬಿತ್ತು. ಅವನು ನೌಕೆಯೊಳಗೇ ಇಳಿದ ಅಂತ ಸೋವಿಯತ್ ಸರ್ಕಾರ ವರ್ಷಗಟ್ಟಲೆ ಹೇಳಿತು. ಅಂತರರಾಷ್ಟ್ರೀಯ ದಾಖಲೆಗೆ ಪೈಲಟ್ ತನ್ನ ವಾಹನದಲ್ಲೇ ಇಳಿಯಬೇಕು ಅನ್ನುವ ನಿಯಮವಿತ್ತು. ಹೊಲದಲ್ಲಿ ನಿಂತ ನಿಮಗೆ ಆ ಗುಟ್ಟು ಬರಿಗಣ್ಣಿಗೆ ಕಾಣಿಸುತ್ತದೆ.

ಕಿತ್ತಳೆ ಬಣ್ಣದ ಉಡುಪು, ಬಿಳಿ ಹೆಲ್ಮೆಟ್. ಅದರ ಮೇಲೆ ದೊಡ್ಡ ಕೆಂಪು ಅಕ್ಷರಗಳಲ್ಲಿ ದೇಶದ ಹೆಸರು. ಅಜ್ಜಿ, ಮೊಮ್ಮಗಳು ಹಿಂದೆ ಸರಿಯುತ್ತಾರೆ. ಹಿಂದಿನ ವರ್ಷವಷ್ಟೇ ಅಮೆರಿಕದ ಗೂಢಚಾರ ವಿಮಾನವನ್ನು ಹೊಡೆದುರುಳಿಸಿದ್ದರು, ಅದರ ಪೈಲಟ್ ಕೂಡ ಹೀಗೇ ಪ್ಯಾರಾಶೂಟ್‌ನಲ್ಲಿ ಇಳಿದಿದ್ದ. ಗಗಾರಿನ್ ತಾನು ನಿಮ್ಮವನೇ ಅಂತ ಧೈರ್ಯ ಹೇಳುತ್ತಾನೆ. ಭೂಮಿಯನ್ನು ಒಂದು ಸುತ್ತು ಹಾಕಿ ಬಂದ ಮೊದಲ ಮನುಷ್ಯನನ್ನು ಮೊದಲು ಕಂಡವರು ಕೈಗೆ ಮಣ್ಣು ಮೆತ್ತಿದ್ದ ಈ ಇಬ್ಬರು.

*ಬೆಳಿಗ್ಗೆ 10:20, ಆ್ಯನ್ ಆರ್ಬರ್, 1955, ಮಂಗಳವಾರ*

ಒಂದೇ ಒಂದು ಕಡೆ ಹೋಗಲು ಬಿಡುತ್ತೇವೆ ಅಂದರೆ ನಾನು ಹೋಗುವುದು ಇಲ್ಲಿಗೆ. ಮಿಶಿಗನ್ ವಿಶ್ವವಿದ್ಯಾಲಯದ ರ‍್ಯಾಕಮ್ ಸಭಾಂಗಣ. ಡಾಕ್ಟರ್ ಥಾಮಸ್ ಫ್ರಾನ್ಸಿಸ್ ವೇದಿಕೆ ಹತ್ತುತ್ತಾರೆ. ಜೋನಾಸ್ ಸಾಲ್ಕ್ ಅವರ ಪೋಲಿಯೋ ಲಸಿಕೆ ಕೆಲಸ ಮಾಡುತ್ತದೋ ಇಲ್ಲವೋ ಅಂತ ಹೇಳಬೇಕಾದವರು ಅವರು.

ಹೋಗುವ ಮೊದಲು ಆ ಭಯ ಎಷ್ಟಿತ್ತು ಅಂತ ಓದಿಕೊಳ್ಳಿ. 1952ರಲ್ಲಿ ಅಮೆರಿಕದಲ್ಲೇ ಸುಮಾರು 58 ಸಾವಿರ ಜನರಿಗೆ ಪೋಲಿಯೋ ಬಂತು. ಮೂರು ಸಾವಿರಕ್ಕೂ ಹೆಚ್ಚು ಜನ ಸತ್ತರು. ಬೇಸಿಗೆ ಬಂತೆಂದರೆ ಈಜುಕೊಳ ಮುಚ್ಚುತ್ತಿದ್ದರು, ತಾಯಂದಿರು ಮಕ್ಕಳನ್ನು ಹೊರಗೆ ಬಿಡುತ್ತಿರಲಿಲ್ಲ. ಲಸಿಕೆಯ ಪರೀಕ್ಷೆಯಲ್ಲಿ 18 ಲಕ್ಷ ಮಕ್ಕಳು ಪಾಲ್ಗೊಂಡಿದ್ದರು. ತುಂಬ ಕಡೆ ಅರ್ಧ ಮಕ್ಕಳಿಗೆ ಲಸಿಕೆ, ಅರ್ಧ ಮಕ್ಕಳಿಗೆ ಔಷಧವಿಲ್ಲದ ಸೂಜಿ. ಯಾರಿಗೆ ಯಾವುದು ಅಂತ ಮಗುವಿಗೂ ಗೊತ್ತಿಲ್ಲ, ಚುಚ್ಚಿದ ಡಾಕ್ಟರಿಗೂ ಗೊತ್ತಿಲ್ಲ. ಹಾಗೆ ಮಾಡಿದ್ದರಿಂದಲೇ ಫ್ರಾನ್ಸಿಸ್ ಅವರ ಮಾತಿಗೆ ಅಷ್ಟು ತೂಕ ಬಂತು.

ಭಾಷಣಕ್ಕೂ ಮುಂಚೆಯೇ ಪತ್ರಕರ್ತರ ಕೋಣೆಗೆ ವರದಿಯ ಪ್ರತಿಗಳು ಬರುತ್ತವೆ, ನೂಕುನುಗ್ಗಲಾಗುತ್ತದೆ. ಆ ಗಲಾಟೆಯಿಂದ ದೂರವಿರಿ, ಸಭಾಂಗಣದ ಹಿಂದಿನ ಸಾಲಿನಲ್ಲಿ ಕೂರಿ. ಫ್ರಾನ್ಸಿಸ್ ಒಂದೂವರೆ ಗಂಟೆಗೂ ಹೆಚ್ಚು ಹೊತ್ತು ಅಂಕಿಅಂಶ ಓದುತ್ತಾರೆ, ದನಿ ಏರಿಸುವುದೇ ಇಲ್ಲ. ಲಸಿಕೆ ಸುರಕ್ಷಿತ, ಪರಿಣಾಮಕಾರಿ. ಪಾರ್ಶ್ವವಾಯು ತರುವ ಪೋಲಿಯೋವನ್ನು 80ರಿಂದ 90 ಶೇಕಡದಷ್ಟು ತಡೆಯುತ್ತದೆ. ಹೊರಗೆ ಊರೂರಿನಲ್ಲಿ ಚರ್ಚಿನ ಗಂಟೆ ಬಾರಿಸುತ್ತಾರೆ.

ಆಮೇಲೆ ಸಾಲ್ಕ್ ಮಾತಾಡುತ್ತಾರೆ. ಆಗ ವೇದಿಕೆ ನೋಡಬೇಡಿ, ಅವರ ಪ್ರಯೋಗಾಲಯದ ಸಂಗಡಿಗರನ್ನು ನೋಡಿ. ವರ್ಷಗಟ್ಟಲೆ ದುಡಿದ ಅವರ ಹೆಸರನ್ನು ಸಾಲ್ಕ್ ಹೇಳಲೇ ಇಲ್ಲ. ಆ ನೋವು ಕೆಲವರಲ್ಲಿ ಕೊನೆಯವರೆಗೂ ಉಳಿಯಿತು. ಅದೇ ಸಂಜೆ ಟಿವಿಯಲ್ಲಿ, ಈ ಲಸಿಕೆಯ ಪೇಟೆಂಟ್ ಯಾರದು ಅಂತ ಕೇಳಿದಾಗ, ಜನರದು, ಸೂರ್ಯನಿಗೆ ಪೇಟೆಂಟ್ ಮಾಡೋಕೆ ಆಗುತ್ತಾ ಅಂದವರೂ ಇದೇ ಸಾಲ್ಕ್. ಎರಡೂ ನಿಜ, ಒಂದೇ ದಿನದ್ದು. ಎರಡನ್ನೂ ಬರೆದುಕೊಳ್ಳಿ.

*ಹಗಲು ಹೊತ್ತು, ರೋಮ್, 1633, ಮಂಗಳವಾರ*

ಬಾಗಿಲಾಚೆ ನಿಲ್ಲಲು ತಯಾರಿದ್ದರೆ ಮಾತ್ರ ಹೋಗಿ. ಚರ್ಚಿನ ಧರ್ಮ ನ್ಯಾಯಾಲಯದಲ್ಲಿ (ಇನ್‌ಕ್ವಿಸಿಷನ್) 69 ವರ್ಷದ ಗೆಲಿಲಿಯೋನ ಮೊದಲ ವಿಚಾರಣೆ ಇವತ್ತು. ಭೂಮಿ ಸೂರ್ಯನ ಸುತ್ತ ತಿರುಗುತ್ತದೆ ಅನ್ನುವ ವಾದವನ್ನು ಹಿಂದಿನ ವರ್ಷ ಫ್ಲಾರೆನ್ಸಿನಲ್ಲಿ ಅಚ್ಚಾದ ಪುಸ್ತಕದಲ್ಲಿ ಅವನು ಬರೆದಿದ್ದ. ಒಳಗೆ ಪ್ರಶ್ನೆ ಲ್ಯಾಟಿನ್‌ನಲ್ಲಿ ದಾಖಲಾಗುತ್ತದೆ, ಅವನ ಉತ್ತರ ಇಟಾಲಿಯನ್‌ನಲ್ಲಿ. 1616ರಲ್ಲಿ ಈ ವಾದದ ಬಗ್ಗೆ ಚರ್ಚಿನಿಂದ ನಿನಗೆ ಏನು ಅಪ್ಪಣೆಯಾಗಿತ್ತು ಅನ್ನುವುದರ ಸುತ್ತಲೇ ಮಾತು. ಅವನು ಕಾರ್ಡಿನಲ್ ಬೆಲರ್ಮಿನ್ ಆಗ ಕೊಟ್ಟಿದ್ದ ಪತ್ರದ ಪ್ರತಿ ತೋರಿಸುತ್ತಾನೆ. ಅವನನ್ನು ಕತ್ತಲೆ ಕೋಣೆಗೆ ನೂಕಿರಲಿಲ್ಲ, ಆ ಕಟ್ಟಡದಲ್ಲೇ ಕೋಣೆಗಳನ್ನು ಕೊಟ್ಟಿದ್ದರು. ಜೂನ್ 22ರಂದು ಮಂಡಿಯೂರಿ ತನ್ನ ಮಾತು ಹಿಂತೆಗೆದುಕೊಂಡ. ದಾರಿಯಲ್ಲಿ ಟಸ್ಕನಿ ಕಡೆ ಹೋಗಬೇಡಿ, ಪ್ಲೇಗ್ ಇದೆ. ಗೆಲಿಲಿಯೋನನ್ನೇ ಗಡಿಯಲ್ಲಿ ತಡೆದು ಪ್ರತ್ಯೇಕವಾಗಿ ಇಟ್ಟಿದ್ದರು. ಅಂದಹಾಗೆ, ಇದೇ ದಿನ ಲಂಡನ್ನಿನಲ್ಲಿ ಏಪ್ರಿಲ್ 2.

*ಮಧ್ಯಾಹ್ನ, ಕಾನ್‌ಸ್ಟಾಂಟಿನೋಪಲ್ (ಇವತ್ತಿನ ಇಸ್ತಾನ್‌ಬುಲ್), 1204, ಸೋಮವಾರ*

ಇಲ್ಲಿಗೆ ಹೋಗಬೇಡಿ. ನಾಲ್ಕನೇ ಧರ್ಮಯುದ್ಧದ (ಕ್ರೂಸೇಡ್) ಸೈನಿಕರು, ವೆನಿಸ್‌ನ ಹಡಗುಗಳು ಇವತ್ತು ಕಡಲ ಗೋಡೆ ದಾಟುತ್ತವೆ. ಉತ್ತರದ ಗಾಳಿ ಬೀಸಿ ಹಡಗುಗಳನ್ನು ಗೋಡೆಗೆ ತಂದು ಹಚ್ಚಿತು. ಕ್ರೈಸ್ತರೇ ಕ್ರೈಸ್ತರ ನಗರವನ್ನು ಮೂರು ದಿನ ಲೂಟಿ ಮಾಡಿದರು. ವೆನಿಸ್‌ನ ಸಂತ ಮಾರ್ಕನ ಚರ್ಚಿನಲ್ಲಿರುವ ನಾಲ್ಕು ಕಂಚಿನ ಕುದುರೆಗಳು ಅಲ್ಲಿಂದ ಹೊತ್ತುತಂದವು. ನೋಡಲೇಬೇಕೆಂದರೆ ವೆನಿಸ್‌ಗೆ ಹೋಗಿ ಆ ಕುದುರೆ ನೋಡಿ. ಜನ ಸಾಯುವುದನ್ನು ನೋಡಲು ಟಿಕೆಟ್ ತೆಗೆಯುವುದು ನನಗೆ ಒಪ್ಪಿಗೆಯಿಲ್ಲ. ಇವತ್ತಿನ ಕ್ಯಾಲೆಂಡರಿಗೆ ತಂದರೆ ಇದು ಏಪ್ರಿಲ್ 19 ಆಗುತ್ತದೆ ಅನ್ನುವುದನ್ನು ಮಾತ್ರ ಬರೆದಿಟ್ಟುಕೊಳ್ಳಿ.

*ಮಧ್ಯಾಹ್ನ 1ರಿಂದ, ವಾರ್ಮ್ ಸ್ಪ್ರಿಂಗ್ಸ್, ಜಾರ್ಜಿಯಾ, 1945, ಗುರುವಾರ*

ಬೆಳಿಗ್ಗೆ ಆ್ಯನ್ ಆರ್ಬರ್‌ನಲ್ಲಿ ಕಂಡಿದ್ದರ ಬೇರು ಇಲ್ಲಿದೆ. ರೂಸ್‌ವೆಲ್ಟ್ ಅವರಿಗೆ 1921ರಲ್ಲಿ, 39ನೇ ವಯಸ್ಸಿನಲ್ಲಿ ಕಾಲಿನ ಶಕ್ತಿ ಹೋಯಿತು. ಪೋಲಿಯೋ ಅಂದರು. 1924ರಿಂದ ಇಲ್ಲಿನ ಬಿಸಿನೀರಿನ ಬುಗ್ಗೆಗೆ ಬರುತ್ತಿದ್ದರು. 1938ರಲ್ಲಿ ಪೋಲಿಯೋ ವಿರುದ್ಧ ಒಂದು ಪ್ರತಿಷ್ಠಾನ ಕಟ್ಟಿದರು. ಜನ ಹತ್ತು ಹತ್ತು ಸೆಂಟು ಅಂಚೆಯಲ್ಲಿ ಕಳಿಸಿದರು. ಸಾಲ್ಕ್ ಲಸಿಕೆಗೆ ಹಣ ಬಂದಿದ್ದು ಅದೇ ಪ್ರತಿಷ್ಠಾನದಿಂದ. ನಾಣ್ಯದ ಮೇಲೆ ಅವರ ಮುಖ ಯಾಕೆ ಬಂತು ಅಂತ ಈಗ ಗೊತ್ತಾಯಿತಲ್ಲ. ಫಲಿತಾಂಶ ಹೇಳಿದ್ದು ಅವರು ತೀರಿಕೊಂಡು ಸರಿಯಾಗಿ ಹತ್ತು ವರ್ಷಕ್ಕೆ.

ಆ ಮಧ್ಯಾಹ್ನ ಅವರು ಚಿತ್ರ ಬರೆಸಿಕೊಳ್ಳಲು ಕೂತಿದ್ದರು. ಕಲಾವಿದೆ ಎಲಿಜಬೆತ್ ಶೂಮಟಾಫ್ ಮುಖ ಬರೆಯುತ್ತಿದ್ದರು. ಒಂದು ಗಂಟೆ ದಾಟಿದ ಮೇಲೆ, ತಲೆಯ ಹಿಂಭಾಗ ವಿಪರೀತ ನೋಯುತ್ತಿದೆ ಅಂದು ಕುಸಿದರು. 3:35ಕ್ಕೆ ಪ್ರಾಣ ಹೋಯಿತು. ಆ ಚಿತ್ರ ಅರ್ಧಕ್ಕೇ ನಿಂತಿದೆ, ಇವತ್ತಿಗೂ ಹಾಗೇ ಇಟ್ಟಿದ್ದಾರೆ.

ಆ ಮನೆಯೊಳಗೆ ಹೋಗುವ ಹಕ್ಕು ನಮಗಿಲ್ಲ. ಊರಲ್ಲಿ ನಿಲ್ಲಿ. ಸಂಜೆ ಅವರಿಗಾಗಿ ಬಯಲಲ್ಲಿ ಮಾಂಸ ಸುಡುವ ಔತಣ ಇಟ್ಟುಕೊಂಡಿದ್ದರು. ಪೋಲಿಯೋ ರೋಗಿಗಳು ಅವರಿಗೆ ತೋರಿಸಲು ಒಂದು ಆಟದ ತಾಲೀಮು ಮಾಡುತ್ತಿದ್ದರು. ಎಲ್ಲರೂ ದಾರಿ ಕಾಯುತ್ತಿದ್ದಾರೆ.

ಅಲ್ಲಿ 3:35 ಆದಾಗ ವಾಷಿಂಗ್ಟನ್ನಿನ ಗಡಿಯಾರದಲ್ಲಿ 4:35. ಸಂಜೆ 7:09ಕ್ಕೆ ಶ್ವೇತಭವನದಲ್ಲಿ ಹ್ಯಾರಿ ಟ್ರೂಮನ್ ಪ್ರಮಾಣವಚನ ತೆಗೆದುಕೊಂಡರು. ಅದಾದ ಮೇಲೆ ಯುದ್ಧಮಂತ್ರಿ ಸ್ಟಿಮ್ಸನ್, ಟ್ರೂಮನ್ ಅವರನ್ನು ಪಕ್ಕಕ್ಕೆ ಕರೆದು, ಭಾರಿ ಶಕ್ತಿಯ ಹೊಸ ಸ್ಫೋಟಕವೊಂದು ತಯಾರಾಗುತ್ತಿದೆ ಅಂತ ಚುಟುಕಾಗಿ ಹೇಳಿದರು. ನಾಲ್ಕು ತಿಂಗಳು ತುಂಬುವ ಮೊದಲೇ ಅದು ಹಿರೋಷಿಮಾ ಮೇಲೆ ಬಿತ್ತು.

*ಸಂಜೆ, ಅಟ್ಲಾಂಟಿಕ್ ಸಾಗರ, 1912, ಶುಕ್ರವಾರ*

ಕೊನೆಯ ನಿಲ್ದಾಣ. ಏನೂ ಆಗದ ದಿನ. ಟೈಟಾನಿಕ್ ಐರ್ಲೆಂಡ್ ಬಿಟ್ಟು ಒಂದು ದಿನವಾಗಿದೆ. ಮೂರನೇ ದರ್ಜೆಯವರ ಡೆಕ್ಕಿಗೆ ಹೋಗಿ ನಿಲ್ಲಿ. ಮಕ್ಕಳು ಆಡುತ್ತಿರುತ್ತಾರೆ. ಹೊಸ ದೇಶದಲ್ಲಿ ಬದುಕು ಕಟ್ಟಿಕೊಳ್ಳಲು ಹೊರಟವರೇ ಜಾಸ್ತಿ. ಸಂಜೆ ಲಾ ಟುರೇನ್ ಅನ್ನುವ ಫ್ರೆಂಚ್ ಹಡಗಿನಿಂದ ವೈರ್‌ಲೆಸ್‌ನಲ್ಲಿ ಮಂಜುಗಡ್ಡೆಯ ಎಚ್ಚರಿಕೆ ಬರುತ್ತದೆ. ಕ್ಯಾಪ್ಟನ್ ಸ್ಮಿತ್ ಧನ್ಯವಾದ ಹೇಳಿ ಉತ್ತರ ಕಳಿಸುತ್ತಾರೆ. ಮುಂದಿನ ಎರಡು ದಿನ ಇಂಥ ಎಚ್ಚರಿಕೆಗಳು ಇನ್ನೂ ಬರುತ್ತವೆ. ಹಡಗಿನಲ್ಲಿ 2,200ಕ್ಕೂ ಹೆಚ್ಚು ಜನ, 20 ಜೀವರಕ್ಷಕ ದೋಣಿಗಳಲ್ಲಿ 1,178 ಜನರಿಗೆ ಜಾಗ. ಡೆಕ್ಕಿನ ಮೇಲೆ ನಡೆಯುತ್ತಾ ದೋಣಿ ಎಣಿಸಬಹುದು. ಎಣಿಸಿದವರೂ ಇರಬಹುದು.

ಕಾಲಯಾನಕ್ಕೆ ಹೋದವರು ಅಲ್ಲಿ ಏನೂ ಬದಲಿಸಬಾರದು ಅನ್ನುವ ನಿಯಮ ಪಾಲಿಸುವುದು ಎಲ್ಲಕ್ಕಿಂತ ಕಷ್ಟವಾಗುವುದು ಇಲ್ಲಿ. ಉಳಿದ ಕಡೆ ಆಗುವುದು ಆಗುತ್ತಿರುತ್ತದೆ. ಇಲ್ಲಿ ಇನ್ನೂ ಎರಡು ದಿನ ಇದೆ. ಪಕ್ಕದಲ್ಲಿ ನಿಂತ ಹುಡುಗಿಗೆ ಒಂದು ಮಾತು ಹೇಳಬೇಕು ಅನ್ನಿಸುತ್ತದೆ. ಅದಕ್ಕೇ ನನ್ನ ಪಟ್ಟಿಯಲ್ಲಿ ಇಲ್ಲಿಗೆ ಹದಿನೈದು ನಿಮಿಷ ಮಾತ್ರ.

ಐದನೇ ಹೆಜ್ಜೆ: ಬಂದ ಮೇಲೆ

ಮಲಗುವ ಮೊದಲೇ ಬರೆಯಿರಿ. ಪ್ರತಿ ಜಾಗಕ್ಕೂ ನಾಲ್ಕು ಸಾಲು ಸಾಕು. ನಾನು ಎಲ್ಲಿ ನಿಂತಿದ್ದೆ. ಅಲ್ಲಿನ ಗಡಿಯಾರದಲ್ಲಿ ಎಷ್ಟಾಗಿತ್ತು. ಏನು ಕಂಡೆ. ನನ್ನ ಸುತ್ತ ನಿಂತವರಿಗೆ ಇನ್ನೂ ಏನು ಗೊತ್ತಿರಲಿಲ್ಲ. ಮೊದಲ ಮೂರು ಸಾಲನ್ನು ಕನಿಷ್ಠ ಎರಡು ಬೇರೆ ಬೇರೆ ಮೂಲಗಳ ಜೊತೆ ಹೋಲಿಸಿ, ಗಂಟೆ ಹೊಂದದಿದ್ದರೆ ಕಾಲವಲಯ ನೋಡಿ, ತಾರೀಕು ಹೊಂದದಿದ್ದರೆ ಕ್ಯಾಲೆಂಡರ್ ನೋಡಿ. ನಾಲ್ಕನೇ ಸಾಲು ಯಾವ ಪುಸ್ತಕದಲ್ಲೂ ಸಿದ್ಧವಾಗಿ ಸಿಗುವುದಿಲ್ಲ, ನೀವೇ ಯೋಚಿಸಿ ಬರೆಯಬೇಕು. ಚಾರ್ಲ್ಸ್‌ಟನ್ ಮಾಳಿಗೆಗೆ, ಸ್ಮೆಲೊವ್ಕಾ ಹೊಲಕ್ಕೆ, ವಾರ್ಮ್ ಸ್ಪ್ರಿಂಗ್ಸ್ ಔತಣಕ್ಕೆ ಅದು ಬೇಗ ಹೊಳೆಯುತ್ತದೆ. ಟೈಟಾನಿಕ್ ಡೆಕ್ಕಿಗೆ ಮಾತ್ರ ಜಾಗ ಜಾಸ್ತಿ ಬಿಟ್ಟಿಡಿ.